127 ಸಮ, 128 ಅಸಮ

ಜಾವಾ ಕೆಲಸದ ಇಂಟರ್‌ವ್ಯೂಗೆ ಹೋಗಿಬಂದ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ಹೊತ್ತು ತರುತ್ತಾರೆ. ಎರಡು ಇಂಟಿಜರ್ ಆಬ್ಜೆಕ್ಟ್‌ಗಳಿಗೂ 127 ಎಂಬ ಬೆಲೆ ಕೊಟ್ಟು, ನಡುವೆ '==' ಹಾಕಿದರೆ ಉತ್ತರ 'ಟ್ರೂ'. ಎರಡನ್ನೂ 128 ಮಾಡಿದರೆ 'ಫಾಲ್ಸ್'. "ಮೇಡಂ, ಕಂಪ್ಯೂಟರ್‌ಗೇ ಲೆಕ್ಕ ತಪ್ಪೋಯ್ತಾ?" ಲೆಕ್ಕ ತಪ್ಪಿಲ್ಲ. ನಾವು ಕೇಳಿದ್ದೇ ಬೇರೆ.

ಜಾವಾದಲ್ಲಿ 'ಇಂಟ್' ಎಂದರೆ ಬರಿಯ ಸಂಖ್ಯೆ. 'ಇಂಟಿಜರ್' ಎಂದರೆ ಆ ಸಂಖ್ಯೆಯನ್ನು ಒಳಗಿಟ್ಟುಕೊಂಡ ಆಬ್ಜೆಕ್ಟ್. ಲಿಸ್ಟ್, ಮ್ಯಾಪ್‌ಗಳಿಗೆ ಎರಡನೆಯದೇ ಬೇಕು. ನನ್ನ ಪರ್ಸಿನ ನೂರರ ನೋಟೂ ನಿಮ್ಮ ಜೇಬಿನದೂ ಅಂಗಡಿಯಲ್ಲಿ ಸಮ. ಅಚ್ಚಾದ ನಂಬರ್ ಮಾತ್ರ ಬೇರೆ. ಇಂಟಿಜರ್‌ಗಳ ನಡುವಿನ '==' ನೋಡುವುದು ಆ ನಂಬರನ್ನು, ಅಂದರೆ ಮೆಮೊರಿಯಲ್ಲಿ ಎರಡೂ ಒಂದೇ ಆಬ್ಜೆಕ್ಟೇ ಎಂಬುದನ್ನು.

ಹಾಗಿದ್ದರೆ 127 ಹೇಗೆ ಪಾಸಾಯಿತು? 2004ರಲ್ಲಿ ಬಂದ ಜಾವಾ 5, ಇಂಟನ್ನು ತಾನಾಗಿ ಇಂಟಿಜರ್ ಮಾಡುವ ಆಟೋಬಾಕ್ಸಿಂಗ್ ತಂದಿತು. ಪದೇ ಪದೇ ಬಳಕೆಯಾಗುವ ಸಣ್ಣ ಸಂಖ್ಯೆಗಳಿಗೆ ಪ್ರತಿ ಸಲ ಹೊಸ ಆಬ್ಜೆಕ್ಟ್ ಹುಟ್ಟಿಸುವುದು ದಂಡ ಎಂದು, -128ರಿಂದ 127ರವರೆಗಿನ 256 ಆಬ್ಜೆಕ್ಟ್‌ಗಳನ್ನು ಮೊದಲೇ ಮಾಡಿಟ್ಟು ಅವನ್ನೇ ಎಲ್ಲರಿಗೂ ಕೊಡುತ್ತದೆ. ಅದರಾಚೆಗೆ ಸಾಮಾನ್ಯವಾಗಿ ಹೊಸದು. ಮೇಲಿನ ಮಿತಿಯನ್ನು ಸೆಟ್ಟಿಂಗ್ ಒಂದರಿಂದ ಏರಿಸಲೂಬಹುದು. ಆಗ ಅದೇ ಪ್ರೋಗ್ರಾಂ ಇನ್ನೊಂದು ಕಂಪ್ಯೂಟರಿನಲ್ಲಿ ಇನ್ನೊಂದು ಉತ್ತರ ಕೊಟ್ಟೀತು. (ಪೈಥಾನಿನವರು ನಗಬೇಕಿಲ್ಲ. ಸಿಪೈಥಾನ್ ಕೂಡ ಸಣ್ಣ ಸಂಖ್ಯೆಗಳಿಗೆ ಹೀಗೇ ಮಾಡುತ್ತದೆ.)

ಇನ್ನೂ ಒಂದು ತಮಾಷೆಯಿದೆ. '<', '>' ಚಿಹ್ನೆಗಳು ಆಬ್ಜೆಕ್ಟಿನೊಳಗಿನ ಸಂಖ್ಯೆಯನ್ನು ಹೊರತೆಗೆದೇ ಹೋಲಿಸುತ್ತವೆ. ಹಾಗಾಗಿ ಎರಡು 128ಗಳ ಮಧ್ಯೆ '<=' ಟ್ರೂ, '>=' ಟ್ರೂ, '==' ಮಾತ್ರ ಫಾಲ್ಸ್! ಹೈಸ್ಕೂಲಿನ ಗಣಿತ ಮೇಷ್ಟ್ರಿಗೆ ಇದನ್ನು ಒಪ್ಪಿಸಲು ನನ್ನಿಂದಾಗದು. ಭಾಷೆ ಕಟ್ಟಿದವರಿಗೆ ವೇಗದ ಲಾಭ ಸಿಕ್ಕಿತು, ಗೊಂದಲ ಬರೆಯುವವರ ಪಾಲಿಗೆ ಬಂತು.

ಬೆಲೆ ನೋಡಬೇಕಾದರೆ 'ಈಕ್ವಲ್ಸ್' ಬಳಸಿ. ಯಾವುದಾದರೂ 'ನಲ್' ಆಗಿರಬಹುದು ಎಂಬ ಅನುಮಾನವಿದ್ದರೆ, ಜಾವಾ 7ರಿಂದ ಇರುವ 'ಆಬ್ಜೆಕ್ಟ್ಸ್.ಈಕ್ವಲ್ಸ್' ಇದೆ. ದೊಡ್ಡದು–ಚಿಕ್ಕದು ತಿಳಿಯಲು ಒಂದರಿಂದ ಇನ್ನೊಂದನ್ನು ಕಳೆಯುವ ಚಾಳಿ ಹಲವರಿಗಿದೆ, ಬೇಡ. 2147483647ರಿಂದ -1 ಕಳೆದರೆ ಇಂಟ್‌ನ ಮಿತಿ ಮೀರಿ ಉತ್ತರ ಋಣಸಂಖ್ಯೆಯಾಗುತ್ತದೆ, ದೊಡ್ಡದೇ ಚಿಕ್ಕದಾಗಿ ಕೂರುತ್ತದೆ. 'ಇಂಟಿಜರ್.ಕಂಪೇರ್' ಇರುವುದೇ ಅದಕ್ಕೆ.

ಇಂಟರ್‌ವ್ಯೂನಲ್ಲಿ 127ರ ಒಗಟು ಕೇಳಿ ಬೀಗುವವರ ಬಗ್ಗೆ ನನಗೆ ಗೌರವವಿಲ್ಲ. ಅದನ್ನು ಬಾಯಿಪಾಠ ಮಾಡಿದವರೂ ಪರೀಕ್ಷೆಗೆ 1, 2, 3 ಎಂಬ ಗ್ರಾಹಕ ಸಂಖ್ಯೆಗಳನ್ನೇ ಕೊಟ್ಟು, ಎಲ್ಲ ಸರಿಯಿದೆ ಎಂದು ಪ್ರೋಗ್ರಾಂ ಕಳಿಸಿಬಿಡುತ್ತಾರೆ. ತಪ್ಪು ಹೊರಬೀಳುವುದು ನಿಜವಾದ ಗ್ರಾಹಕರು ನೂರಿಪ್ಪತ್ತೇಳು ದಾಟಿದ ಮೇಲೆ. ದಯವಿಟ್ಟು ನಿಮ್ಮ ಪರೀಕ್ಷೆಯಲ್ಲಿ ಐದಂಕಿಯ ಸಂಖ್ಯೆ ಒಂದಾದರೂ ಇರಲಿ.