ಉಪ್ಪುಗಾಳಿಯ ಮನೆಗೆ ಸೋಲಾರ್

ಓಂ ಬೀಚಿನಿಂದ ಭಟ್ಕಳದವರೆಗೆ ಕಡಲಂಚಿನ ಮನೆಗಳ ಕಿಟಕಿ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಗೃಹಿಣಿಯರಿಗೆ ಗೊತ್ತು. ಛಾವಣಿಯ ಸೋಲಾರ್ ಪ್ಯಾನೆಲಿಗೂ ಅದೇ ಉಪ್ಪುಗಾಳಿ. ಕೊಳ್ಳುವ ಮುನ್ನ ಐಇಸಿ 61701 ಉಪ್ಪುಮಂಜು ಪರೀಕ್ಷೆಯ ಪ್ರಮಾಣಪತ್ರ ಕೇಳಿ. ತೆಂಗಿನ ನೆರಳು ಬೀಳದ ಜಾಗ ನೋಡಿ.

ಹೆಚ್ಚಿನವರು ಎಡವುವುದು ಇನ್ವರ್ಟರಿನಲ್ಲಿ. ನಮ್ಮ ಬಂಧುವೊಬ್ಬರು ಛಾವಣಿ ತುಂಬ ಪ್ಯಾನೆಲ್ ಹಾಕಿಸಿಯೂ ಹಾಡಹಗಲೇ ಫ್ಯಾನು, ಪಂಪು ಇಲ್ಲದೆ ಕುಳಿತರು. ಬ್ಯಾಟರಿಯಿಲ್ಲದ ಆನ್‌ಗ್ರಿಡ್ ಇನ್ವರ್ಟರ್ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗೆ ಈ ಏರ್ಪಾಡು, ದೋಷವಲ್ಲ. ಆದರೆ ಮಾರುವವರು ಇದನ್ನು ಮೊದಲೇ ಹೇಳಬೇಕಿತ್ತು!

2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂ. ಸಹಾಯಧನ ನಿಗದಿಯಾಯಿತು. ಬಿಲ್ಲು ಇಳಿಸಲು ಆನ್‌ಗ್ರಿಡ್ ಸಾಕು. ಮನೆಯಲ್ಲಿ ರೋಗಿಯಿದ್ದರೆ, ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಊರಾದರೆ, ದುಬಾರಿಯಾದರೂ ಬ್ಯಾಟರಿಯ ಹೈಬ್ರಿಡ್ಡೇ ಬೇಕು.