ಹದಿನಾರನೇ ಚಾನೆಲ್‌ನಲ್ಲಿ ಹೇಳಬೇಕಾದ ನಾಲ್ಕು ಮಾತು

ಬೇಸಿಗೆ ಶುರುವಾಯಿತು ಅಂದರೆ ಆಮ್ಸ್ಟರ್‌ಡ್ಯಾಮ್‌ನ ನಮ್ಮವರಿಗೆ ನೀರಿನ ಸೆಳೆತ ಜಾಸ್ತಿ. ನಾಲ್ಕೈದು ಮನೆಯವರು ಸೇರಿ ದೋಣಿ ಬಾಡಿಗೆಗೆ ತಗೊಳ್ಳೋದು, ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಹೊರಡೋದು ಈಗ ಮಾಮೂಲಾಗಿದೆ. ಊರೊಳಗಿನ ಕಾಲುವೆಯಲ್ಲಿ ಸುತ್ತಾಡೋವರೆಗೆ ದೊಡ್ಡ ಚಿಂತೆ ಇಲ್ಲ, ದಡ ಪಕ್ಕದಲ್ಲೇ ಇರುತ್ತೆ. ಆದರೆ ಪೂರ್ವಕ್ಕೆ ಒರಾನ್ಯೆ ಲಾಕ್ ದಾಟಿ ಮಾರ್ಕರ್‌ಮೇರ್ ಸರೋವರಕ್ಕೆ ಹೋದರೆ, ಇಲ್ಲವೇ ಪಶ್ಚಿಮಕ್ಕೆ ನಾರ್ತ್ ಸೀ ಕಾಲುವೆ ಹಿಡಿದು ಐಮೌಡನ್‌ನಲ್ಲಿ ಸಮುದ್ರಕ್ಕೆ ಇಳಿದರೆ ಕಥೆ ಬೇರೆ. ಅಲ್ಲಿ ಇಂಜಿನ್ ಕೈಕೊಟ್ಟರೆ, ದೋಣಿಗೆ ನೀರು ನುಗ್ಗಿದರೆ, ಯಾರನ್ನು ಕರೆಯೋದು? ಹೇಗೆ ಕರೆಯೋದು?

ಕಾರವಾರ, ಮಲ್ಪೆ, ಮಂಗಳೂರು ಕಡೆಯಿಂದ ಬಂದು ಹಡಗಿನ ಕೆಲಸದಲ್ಲಿರೋ ನಮ್ಮ ಓದುಗರಿಗೆ ಇದೆಲ್ಲ ಗೊತ್ತಿರೋ ವಿಷಯ. ಈ ಬರಹ ಉಳಿದವರಿಗೆ.

ಫೋನ್ ಇದೆಯಲ್ಲ?

ಇದೆ. ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಲೇಬೇಕು. ಆದರೆ ಫೋನ್ ತಲುಪೋದು ಒಬ್ಬರನ್ನು ಮಾತ್ರ. ಅರ್ಧ ಕಿಲೋಮೀಟರ್ ದೂರದಲ್ಲಿ ಇನ್ನೊಂದು ದೋಣಿ ಹೋಗ್ತಾ ಇದ್ದರೂ ಅವರಿಗೆ ನಿಮ್ಮ ಕೂಗು ಕೇಳಿಸಲ್ಲ, ಅವರ ನಂಬರ್ ನಿಮ್ಮ ಹತ್ತಿರ ಇರಲ್ಲ. ದಡದಿಂದ ದೂರ ಹೋದಂತೆ ಟವರ್ ಕೂಡ ಸಿಗಲ್ಲ.

ಕೈಯಲ್ಲಿ ಹಿಡಿಯೋ ವಿಎಚ್‌ಎಫ್ ರೇಡಿಯೋ ಹಾಗಲ್ಲ. ಡಚ್ಚರು ಇದನ್ನು ಮಾರಿಫೋನ್ ಅನ್ನುತ್ತಾರೆ. ಇದರ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಜಗತ್ತಿನಾದ್ಯಂತ ಅಪಾಯದ ಕರೆಗೆಂದೇ ಗೊತ್ತುಮಾಡಿದ್ದು. ಅದರಲ್ಲಿ ಮಾತಾಡಿದರೆ ಸುತ್ತ ಆ ಚಾನೆಲ್‌ಗೆ ಕಿವಿಗೊಟ್ಟಿರೋ ಎಲ್ಲರಿಗೂ ಒಟ್ಟಿಗೆ ಕೇಳಿಸುತ್ತೆ. ಇಲ್ಲಿನ ಕರಾವಳಿ ಕಾವಲು ಪಡೆ, ಕುಸ್ಟ್‌ವಾಖ್ಟ್, ಹಗಲೂ ರಾತ್ರಿ ಅದನ್ನು ಕೇಳುತ್ತಿರುತ್ತೆ. ಅದರ ಕೇಂದ್ರ ಇರೋದು ಡೆನ್ ಹೆಲ್ಡರ್‌ನಲ್ಲಿ. ಅವರು ಕರೆದಾಗ ಓಡಿ ಬರೋ ದೋಣಿಗಳಲ್ಲಿ ಹೆಚ್ಚಿನವು ಕೆಎನ್‌ಆರ್‌ಎಂ ಸಂಸ್ಥೆಯವು. 1824ರಲ್ಲಿ ಶುರುವಾದ ಈ ಸಂಸ್ಥೆ ನಡೆಯೋದು ಸ್ವಯಂಸೇವಕರಿಂದ, ದಾನಿಗಳ ದುಡ್ಡಿನಿಂದ. ಜೀವ ಉಳಿಸಿದ್ದಕ್ಕೆ ಬಿಲ್ ಕಳಿಸಲ್ಲ. ಖರ್ಚಿಗೆ ಹೆದರಿ ಯಾರೂ ಕರೆ ತಡಮಾಡಬೇಕಿಲ್ಲ.

ಎಷ್ಟು ದೂರ ಕೇಳಿಸುತ್ತೆ?

ಕೈ ಸೆಟ್‌ನ ಶಕ್ತಿ ಸಾಮಾನ್ಯವಾಗಿ 5 ಅಥವಾ 6 ವಾಟ್. ಆದರೆ ದೂರ ನಿರ್ಧಾರವಾಗೋದು ವಾಟ್‌ಗಿಂತ ಎತ್ತರದಿಂದ. ಈ ತರಂಗ ಹೆಚ್ಚುಕಡಿಮೆ ನೇರ ಹೋಗುತ್ತೆ, ಭೂಮಿಯ ದುಂಡನೆ ಮೈ ಅಡ್ಡ ಬರುತ್ತೆ. ಲೆಕ್ಕ ಸರಳ: ಎರಡೂ ಕಡೆಯ ಆಂಟೆನಾ ಎತ್ತರವನ್ನು ಮೀಟರ್‌ನಲ್ಲಿ ತಗೊಂಡು, ಒಂದೊಂದರ ವರ್ಗಮೂಲ ಕೂಡಿಸಿ, ಸುಮಾರು 2.25ರಿಂದ ಗುಣಿಸಿದರೆ ನಾಟಿಕಲ್ ಮೈಲಿ ಸಿಗುತ್ತೆ. ನಿಮ್ಮ ಸೆಟ್ ನೀರಿನಿಂದ ಒಂದು ಮೀಟರ್ ಮೇಲಿದ್ದು, ದಡದ ಆಂಟೆನಾ ನೂರು ಮೀಟರ್ ಎತ್ತರದಲ್ಲಿದ್ದರೆ ಸುಮಾರು 25 ಮೈಲಿ. ಎದುರಿಗಿರೋದೂ ನಿಮ್ಮಂಥದ್ದೇ ಸಣ್ಣ ದೋಣಿಯಾದರೆ ನಾಲ್ಕೂವರೆ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಇದು ಕಾಗದದ ಲೆಕ್ಕ, ನೀರಿನ ಮೇಲೆ ಇನ್ನೂ ಕಡಿಮೆ ಅಂತಲೇ ಹಿಡಿಯಿರಿ. ಅದಕ್ಕೇ ಕರೆಯುವಾಗ ಪೂರ್ತಿ ಶಕ್ತಿಗೆ ಹಾಕಿ, ಸೆಟ್ ಆದಷ್ಟು ಎತ್ತರದಲ್ಲಿರಲಿ, ಆಂಟೆನಾ ನೆಟ್ಟಗಿರಲಿ. ಅಲುಗಾಡೋ ದೋಣಿಯಲ್ಲಿ ಮಾತ್ರ ಎದ್ದು ನಿಲ್ಲೋಕೆ ಹೋಗಬೇಡಿ.

ಇಂಗ್ಲಿಷ್ ಬರಲ್ಲ ಅನ್ನೋ ಅಳುಕು

ನಮ್ಮಲ್ಲಿ ಅನೇಕರಿಗೆ ರೇಡಿಯೋ ಮುಟ್ಟೋಕೆ ಇರೋ ಭಯ ಯಂತ್ರದ್ದಲ್ಲ, ಮಾತಿನದು. ‘ಡಚ್ ಬರಲ್ಲ, ಇಂಗ್ಲಿಷ್ ತಡವರಿಸುತ್ತೆ, ಎಲ್ಲರೂ ಕೇಳಿಸಿಕೊಳ್ಳೋ ಕಡೆ ಏನಾದರೂ ತಪ್ಪು ಹೇಳಿಬಿಟ್ಟರೆ?’ ಈ ಸಂಕೋಚ ಬೇಡ. ಸಮುದ್ರದಲ್ಲಿ ನೂರು ದೇಶದವರು ದುಡಿಯುತ್ತಾರೆ, ಬಹಳ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ಅಂಥವರಿಗಾಗಿಯೇ ಈ ಮಾತುಗಳನ್ನು ಅಚ್ಚಿಗೆ ಹಾಕಿಟ್ಟಿದ್ದಾರೆ. ‘ಮೇಡೇ’ ಅನ್ನೋ ಪದವೇ ‘ನನಗೆ ಸಹಾಯ ಮಾಡಿ’ ಅನ್ನೋ ಫ್ರೆಂಚ್ ಮಾತಿನ ಉಚ್ಚಾರಣೆಯಿಂದ ಬಂದಿದ್ದು. ವ್ಯಾಕರಣ ನೋಡೋರು ಅಲ್ಲಿ ಯಾರೂ ಇಲ್ಲ.

ಬ್ಯಾಂಕಿನಲ್ಲಿ ಚಲನ್ ತುಂಬಿದ ಹಾಗೆ ಅಂದುಕೊಳ್ಳಿ. ನಾಲ್ಕು ಖಾನೆ: ಯಾರು, ಎಲ್ಲಿ, ಏನಾಗಿದೆ, ಎಷ್ಟು ಜನ. ದೋಣಿಯ ಹೆಸರು ಕಾವೇರಿ ಅಂತ ಇಟ್ಟುಕೊಂಡರೆ, 16ನೇ ಚಾನೆಲ್‌ಗೆ ಹಾಕಿ, ಗುಂಡಿ ಒತ್ತಿ ಹಿಡಿದು, ನಿಧಾನವಾಗಿ ಹೀಗೆ ಹೇಳಬೇಕು:

“ಮೇಡೇ, ಮೇಡೇ, ಮೇಡೇ. ದಿಸ್ ಈಸ್ ಕಾವೇರಿ, ಕಾವೇರಿ, ಕಾವೇರಿ. ಮೇಡೇ ಕಾವೇರಿ. ಮೈ ಪೊಸಿಷನ್ ಈಸ್ ಟೂ ಮೈಲ್ಸ್ ಈಸ್ಟ್ ಆಫ್ ಮಾರ್ಕೆನ್ ಲೈಟ್‌ಹೌಸ್. ವಿ ಆರ್ ಸಿಂಕಿಂಗ್. ಐ ರಿಕ್ವೈರ್ ಇಮೀಡಿಯೆಟ್ ಅಸಿಸ್ಟೆನ್ಸ್. ಸಿಕ್ಸ್ ಪರ್ಸನ್ಸ್ ಆನ್ ಬೋರ್ಡ್. ಓವರ್.”

ಆಮೇಲೆ ಗುಂಡಿ ಬಿಡಿ. ಗುಂಡಿ ಒತ್ತಿರೋವರೆಗೆ ಎದುರಿನವರ ಮಾತು ನಿಮಗೆ ಕೇಳಿಸಲ್ಲ. ಗಾಬರಿಯಲ್ಲಿ ಎಲ್ಲರೂ ಮರೆಯೋದು ಇದನ್ನೇ. ಉತ್ತರ ಬರದಿದ್ದರೆ ಮತ್ತೆ ಹೇಳಿ. ಜೀವಕ್ಕೆ ತಕ್ಷಣ ಅಪಾಯ ಇಲ್ಲ, ಇಂಜಿನ್ ಮಾತ್ರ ನಿಂತಿದೆ ಅಂದರೆ ‘ಮೇಡೇ’ ಬದಲು ಮೂರು ಸಲ ‘ಪ್ಯಾನ್ ಪ್ಯಾನ್’. ಬೇರೆಯವರ ಮೇಡೇ ಕೇಳಿಸಿದರೆ ಮಧ್ಯೆ ಬಾಯಿ ಹಾಕದೆ ಬರೆದುಕೊಳ್ಳಿ.

‘ಎಲ್ಲಿ’ ಅನ್ನೋದರ ಬೆಲೆ

ಈ ನಾಲ್ಕರಲ್ಲಿ ‘ಎಲ್ಲಿ’ ಅನ್ನೋದು ಎಷ್ಟು ದೊಡ್ಡದು ಅಂತ ನಮ್ಮ ಕರಾವಳಿಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯಿತು. ಮಹಾರಾಷ್ಟ್ರದ ಕಡೆ ಸಂಪರ್ಕ ಕಡಿದುಹೋಗಿತ್ತು. ನೌಕಾಪಡೆ, ಕೋಸ್ಟ್ ಗಾರ್ಡ್ ಹುಡುಕಿದವು. ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳ ಆರಂಭದಲ್ಲಿ. ಉಡುಪಿ, ಉತ್ತರ ಕನ್ನಡದ ಏಳು ಮನೆಯವರು ನಾಲ್ಕೂವರೆ ತಿಂಗಳು ದಾರಿ ಕಾದರು. ಒಂದು ರೇಡಿಯೋ ಕರೆಯಿಂದ ಅವರು ಉಳಿಯುತ್ತಿದ್ದರು ಅಂತ ನಾವು ಹೇಳುತ್ತಿಲ್ಲ. ಜಾಗ ಗೊತ್ತಿಲ್ಲದಿದ್ದರೆ ಹುಡುಕಾಟ ಎಷ್ಟು ದೀರ್ಘವಾಗುತ್ತೆ ಅನ್ನೋದನ್ನಷ್ಟೇ ನೆನಪಿಸುತ್ತಿದ್ದೇವೆ.

ಈಗಿನ ಕೆಲವು ಕೈ ಸೆಟ್‌ಗಳಲ್ಲಿ ಜಿಪಿಎಸ್ ಮತ್ತು ಡಿಎಸ್‌ಸಿ ಇರುತ್ತವೆ. ಮುಚ್ಚಳದ ಕೆಳಗಿನ ಕೆಂಪು ಗುಂಡಿ ಒತ್ತಿ ಹಿಡಿದರೆ ಯಾರು, ಎಲ್ಲಿ ಅನ್ನೋದು 70ನೇ ಚಾನೆಲ್‌ನಲ್ಲಿ ತಾನಾಗಿಯೇ ಹೋಗುತ್ತೆ. ಆಮೇಲೆ 16ರಲ್ಲಿ ಬಾಯಿಂದಲೂ ಹೇಳಬೇಕು. ಮಕ್ಕಳ ಕೈ ತಾಗಿ ಹೋದರೆ ಸುಮ್ಮನೆ ಆಫ್ ಮಾಡಿ ಕೂರಬೇಡಿ, ‘ತಪ್ಪಿ ಹೋಯಿತು’ ಅಂತ 16ರಲ್ಲೇ ತಿಳಿಸಿ. ಇಲ್ಲದಿದ್ದರೆ ಯಾರೋ ಊಟ ಬಿಟ್ಟು ನಿಮ್ಮನ್ನು ಹುಡುಕಿಕೊಂಡು ಹೊರಡುತ್ತಾರೆ.

ಕಾನೂನು, ಮತ್ತು ಹೊರಡೋ ಮುಂಚೆ

ನೆದರ್ಲೆಂಡ್ಸ್‌ನಲ್ಲಿ ಸೆಟ್ ಕೊಂಡರೆ ಆರ್‌ಡಿಐ ಇಲಾಖೆಯಲ್ಲಿ ನೋಂದಾಯಿಸಬೇಕು, ಬಳಸೋರ ಹತ್ತಿರ ಪ್ರಮಾಣಪತ್ರ ಇರಬೇಕು. ಸಾಮಾನ್ಯ ಸೆಟ್‌ಗೆ ಬೇಸಿಕ್ ಪರೀಕ್ಷೆ, ಡಿಎಸ್‌ಸಿ ಇದ್ದರೆ ಮಾರ್ಕಾಮ್-ಬಿ. ಒಳನಾಡಿನ ನೀರಿನಲ್ಲಿ ಸೆಟ್‌ನ ಗುರುತು ಕಳಿಸೋ ಏಟಿಸ್ ಆನ್ ಇರಬೇಕು, ಸಮುದ್ರದಲ್ಲಿ ಆಫ್. ಆದರೆ ನಿಜವಾಗಿ ಅಪಾಯದಲ್ಲಿದ್ದವರು ಕೈಗೆ ಸಿಕ್ಕ ಯಾವುದೇ ಸಾಧನದಿಂದ ಕರೆಯಬಹುದು ಅಂತ ಅಂತಾರಾಷ್ಟ್ರೀಯ ನಿಯಮವೇ ಹೇಳುತ್ತೆ. ದೋಣಿ ನಡೆಸುತ್ತಿದ್ದವರೇ ನೀರಿಗೆ ಬಿದ್ದರೆ, ಪರೀಕ್ಷೆ ಬರೆಯದ ಅಮ್ಮನೂ, ಹತ್ತು ವರ್ಷದ ಮಗನೂ ಗುಂಡಿ ಒತ್ತಬಹುದು.

ಅದಕ್ಕೇ ನಮ್ಮ ಸಲಹೆ ಇಷ್ಟೇ. ಬಾಡಿಗೆ ದೋಣಿ ತಗೊಳ್ಳುವಾಗ ಮಾರಿಫೋನ್ ಇದೆಯಾ, ಚಾರ್ಜ್ ಇದೆಯಾ ಕೇಳಿ. ಕೈ ಸೆಟ್ಟನ್ನು ಬ್ಯಾಗಿನೊಳಗೆ ಇಡದೆ ಲೈಫ್ ಜಾಕೆಟ್‌ಗೆ ಕಟ್ಟಿಕೊಳ್ಳಿ. ಮೇಲಿನ ಮೇಡೇ ಮಾತನ್ನು ನಿಮ್ಮ ದೋಣಿಯ ಹೆಸರು ಹಾಕಿ ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಹಗ್ಗ ಬಿಚ್ಚೋ ಮುಂಚೆ, ಸೆಟ್ ಆಫ್ ಇಟ್ಟು, ದೋಣಿಯಲ್ಲಿರೋ ಪ್ರತಿಯೊಬ್ಬರ ಕೈಲೂ ಒಂದೊಂದು ಸಲ ಜೋರಾಗಿ ಓದಿಸಿ. ಐದು ನಿಮಿಷದ ಕೆಲಸ. ಪುಳಿಯೋಗರೆ ಡಬ್ಬಿ ಆಮೇಲೆ ತೆಗೆಯೋಣ.