ಕೊಡ, ಹಗ್ಗ, ರಾಟೆ: ಬಲಚಿತ್ರವನ್ನು ಬರೆಯುವ ಬಗೆ

ಬಲದ ಪಾಠ ಮುಗಿದ ಮೇಲೆ ಮಕ್ಕಳ ಮುಂದೆ ನಾವು ಒಂದು ಪ್ರಶ್ನೆಯನ್ನಿಡೋಣ. ಬಾವಿಯಿಂದ ತುಂಬಿದ ಕೊಡವನ್ನು ಒಂದೇ ವೇಗದಲ್ಲಿ ಮೇಲಕ್ಕೆ ಸೇದುತ್ತಿದ್ದೇವೆ. ಹಗ್ಗದ ಎಳೆತ ಹೆಚ್ಚೋ, ಕೊಡದ ತೂಕ ಹೆಚ್ಚೋ? ‘ಎಳೆತವೇ ಹೆಚ್ಚು, ಇಲ್ಲದಿದ್ದರೆ ಕೊಡ ಮೇಲೇರುವುದೆಂತು?’ ಎಂದು ಬಹುಮಂದಿ ಹೇಳುವರು. ನಿಯಮಗಳನ್ನು ಬಾಯಿಪಾಠ ಒಪ್ಪಿಸಬಲ್ಲವರೂ ಇಲ್ಲಿ ಎಡವುವರು. ಈ ತಪ್ಪನ್ನು ತಿದ್ದಲು ಬಲಚಿತ್ರವು ಒಳ್ಳೆಯ ಸಾಧನ.

ಬಲಚಿತ್ರವೆಂದರೆ ಕಂಡುದನ್ನೆಲ್ಲ ಬರೆಯುವ ಚಿತ್ರವಲ್ಲ. ಒಂದೇ ಒಂದು ವಸ್ತುವನ್ನು ಆರಿಸಿಕೊಂಡು, ಅದರ ಮೇಲೆ ಇತರ ವಸ್ತುಗಳು ಬೀರುವ ಬಲಗಳನ್ನು ಮಾತ್ರ ಬಾಣಗಳಿಂದ ತೋರಿಸತಕ್ಕದ್ದು. ಬಾಣದ ಮೊನೆ ದಿಕ್ಕನ್ನೂ ಉದ್ದವು ಪರಿಮಾಣವನ್ನೂ ತಿಳಿಸುತ್ತವೆ. ಪ್ರತಿ ಬಾಣಕ್ಕೂ ‘ಈ ಬಲವನ್ನು ಬೀರುವ ವಸ್ತು ಯಾವುದು?’ ಎಂದು ಕೇಳಬೇಕು. ಉತ್ತರ ದೊರೆಯದ ಬಾಣವನ್ನು ಅಳಿಸಿಬಿಡಬೇಕು.

ಈಗ ಕೊಡವನ್ನು ಆರಿಸೋಣ. ನೀರೂ ಸೇರಿ ಅದರ ದ್ರವ್ಯರಾಶಿ 10 ಕಿಲೋಗ್ರಾಂ ಇರಲಿ. ಅಂಗಡಿಯ ಮಾತಿನಲ್ಲಿ ಇದನ್ನೇ ತೂಕವೆನ್ನುತ್ತೇವೆ; ಶಾಸ್ತ್ರದಲ್ಲಿ ತೂಕವೆಂದರೆ ಭೂಮಿಯ ಸೆಳೆತ, ಅಂದರೆ ಸುಮಾರು 98 ನ್ಯೂಟನ್. ಅದು ಕೆಳಮುಖವಾದ ಬಾಣ. ಕೊಡಕ್ಕೆ ತಗುಲಿಕೊಂಡಿರುವುದು ಹಗ್ಗವೊಂದೇ. ಅದರ ಎಳೆತ ಮೇಲ್ಮುಖವಾದ ಬಾಣ. ಸೇದುವವರ ಕೈ ಹಿಡಿದಿರುವುದು ಹಗ್ಗವನ್ನು, ಕೊಡವನ್ನಲ್ಲ. ಆದುದರಿಂದ ಅದಕ್ಕೆ ಇಲ್ಲಿ ಬಾಣವಿಲ್ಲ. ‘ಚಲನೆಯ ಬಲ’ವೆಂದು ಮಕ್ಕಳು ಮೂರನೆಯ ಬಾಣವನ್ನು ಎಳೆಯುವುದುಂಟು. ಅದನ್ನು ಬೀರುವ ವಸ್ತುವೇ ಇಲ್ಲ.

ಕೊಡ ನಿಂತಿರಲಿ, ಒಂದೇ ವೇಗದಲ್ಲಿ ಏರುತ್ತಿರಲಿ, ಎರಡು ಬಾಣಗಳೂ ಸಮವೇ. ಸೇದಲು ತೊಡಗುವಾಗ ವೇಗವು ಸೆಕೆಂಡಿಗೆ 0.5 ಮೀಟರಿನಷ್ಟು, ಸೆಕೆಂಡು ಸೆಕೆಂಡಿಗೂ ಹೆಚ್ಚುತ್ತಿದ್ದರೆ, 5 ನ್ಯೂಟನ್ ಅಧಿಕ ಬೇಕು. ಆಗ ಎಳೆತ 103 ನ್ಯೂಟನ್. ಬಲ ಬೇಕಾಗುವುದು ವೇಗವನ್ನು ಉಳಿಸಿಕೊಳ್ಳಲು ಅಲ್ಲ, ಬದಲಿಸಲು. ನ್ಯೂಟನ್ 1687ರಲ್ಲಿ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವವಿದು.

ಇನ್ನು ರಾಟೆಯನ್ನು ಆರಿಸೋಣ. ಕೆಲವು ಸೀಮೆಯವರು ಇದನ್ನು ಗಡಗಡೆ ಎನ್ನುವರು. ಹಗ್ಗವನ್ನು ನೇರವಾಗಿ ಕೆಳಕ್ಕೆ ಎಳೆಯುತ್ತಿದ್ದರೆ ರಾಟೆಯ ಎರಡು ಪಕ್ಕದಲ್ಲಿಯೂ 98 ನ್ಯೂಟನ್ನಿನ ಕೆಳಮುಖ ಬಾಣಗಳು. ಘರ್ಷಣೆಯನ್ನೂ ಹಗ್ಗ ರಾಟೆಗಳ ತೂಕವನ್ನೂ ಬಿಟ್ಟರೂ, ಮೇಲಿನ ತೊಲೆ 196 ನ್ಯೂಟನ್ ಹೊರಬೇಕು. ಕೊಡದ ತೂಕವನ್ನಷ್ಟೇ ಎಣಿಸಿ ತೊಲೆ ಹಾಕಿದವನು ಮೋಸಹೋಗುತ್ತಾನೆ. ಬಾವಿ ಅದೇ, ಆರಿಸಿದ ವಸ್ತು ಬದಲಾದುದರಿಂದ ಚಿತ್ರವೂ ಬದಲಾಯಿತು.

ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಮತ್ತೊಂದು ನುಡಿ ಕೇಳಿ ಬೆಳೆಯುವ ಗಡಿನಾಡಿನ ಮಕ್ಕಳಿಗೆ ಪಾರಿಭಾಷಿಕ ಪದಗಳು ತೊಡಕಾಗುವುದು ಸಹಜ. ಪದಕ್ಕೆ ಮೊದಲು ಬಾಣವನ್ನು ಕಲಿಸಿದರೆ ಪದದ ಅರ್ಥವೂ ನಿಲ್ಲುತ್ತದೆ. ತರಗತಿಯಲ್ಲಿ ಒಂದು ಕಲ್ಲನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ಮೆಲ್ಲನೆ ಎತ್ತಿಸಿ ನೋಡಿ. ಎತ್ತಲು ತೊಡಗುವಾಗ ಮುಳ್ಳು ಹೆಚ್ಚು ತೋರಿಸಿ, ಒಂದೇ ವೇಗ ಬಂದೊಡನೆ ಮೊದಲಿನ ಗುರುತಿಗೇ ಮರಳುತ್ತದೆ. ಅನಂತರ ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳೋಣ.